ಉಳವಿಯ ಹಾದಿಯಲ್ಲಿ ದ್ವಿಚಕ್ರ ಸಂಚಾರ

ಮಾಘ ಮಾಸದ ಜಾತ್ರೆಗೆಂದು ಧಾರವಾಡ, ಬೆಳಗಾವಿ, ಗದಗ, ಹಾವೇರಿ ಸೀಮೆಯ ರೈತ ಕುಟುಂಬಗಳು ಚಕ್ಕಡಿ ಹೂಡಿಕೊಂಡು ಉಳವಿಯ ಚೆನ್ನಬಸವಣ್ಣನವರ ಸನ್ನಿಧಿಗೆ ಹೋಗಿಬರುವ ಪದ್ಧತಿ ಇಂದಿಗೂ ಅಳಿದಿಲ್ಲ. ಎತ್ತುಗಳನ್ನು ಸಿಂಗರಿಸಿ, ಬುತ್ತಿಯ ಗಂಟು ಕಟ್ಟಿಕೊಂಡು, ನೀರು ನೆರಳು ಕಂಡಲ್ಲಿ ಕೊಳ್ಳು ಹರಿದು ಬಿಡಾರ ಮಾಡಿ, ಹಾಡುತ್ತ ಮಾತನಾಡುತ್ತ ದಿನಗಟ್ಟಲೆ ಸಾಗುವ ಆ ಪಯಣದ ಸೊಗಸೇ ಬೇರೆ. ಈಗ ಅದೇ ಹಾದಿಯಲ್ಲಿ ಚಕ್ಕಡಿಗಳ ಪಕ್ಕದಲ್ಲಿಯೇ ಮೋಟಾರ್ ಸೈಕಲ್ಲುಗಳೂ ಸಾಗುತ್ತವೆ. ಜಾತ್ರೆಯಲ್ಲದ ದಿನಗಳಲ್ಲಿಯೂ, ಮುಖ್ಯವಾಗಿ ಮಳೆ ನಿಂತ ಮೇಲಿನ ಭಾನುವಾರಗಳಲ್ಲಿ, ಹುಬ್ಬಳ್ಳಿ-ಧಾರವಾಡದ ತರುಣರು ನಾಲ್ಕಾರು ಗಾಡಿಗಳ ಗುಂಪು ಕಟ್ಟಿಕೊಂಡು ದರ್ಶನಕ್ಕೂ ಆಯಿತು, ಕಾಡು ನೋಡಿದಂತೆಯೂ ಆಯಿತೆಂದು ಹೊರಡುತ್ತಾರೆ. ಹೊಸದಾಗಿ ಮದುವೆಯಾದ ದಂಪತಿಗಳೂ ಹೋಗುತ್ತಾರೆ. ನಿವೃತ್ತರಾದ ಹಿರಿಯರು ಹಳೆಯ ಸ್ಕೂಟರಿನ ಮೇಲೆ ಮಡದಿಯನ್ನು ಕೂಡಿಸಿಕೊಂಡು ನಿಧಾನವಾಗಿ ಹೋಗುವುದನ್ನೂ ನಾವು ಕಂಡಿದ್ದೇವೆ.

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ತಾಯಂದಿರ ಒಂದು ಪ್ರಶ್ನೆ ಮತ್ತೆ ಮತ್ತೆ ಕಾಣುತ್ತದೆ. "ಮಗ ಗೆಳೆಯರೊಡನೆ ಗಾಡಿಯ ಮೇಲೆ ಉಳವಿಗೆ ಹೋಗುತ್ತೇನೆ ಎನ್ನುತ್ತಾನೆ, ಬೇಡವೆಂದರೆ ಮುನಿಸು, ಹೂಂ ಎಂದರೆ ನಮಗೆ ಅನ್ನ ಸೇರುವುದಿಲ್ಲ. ಏನು ಮಾಡಬೇಕು?" ಎಂಬುದು ಆ ಪ್ರಶ್ನೆಯ ಸಾರ.

ಕಳುಹಿಸಿರಿ ಎಂಬುದೇ ನಮ್ಮ ಉತ್ತರ. ಹದಿನೆಂಟು ತುಂಬಿ, ಲೈಸೆನ್ಸ್ ಪಡೆದು, ಊರೊಳಗೆ ಒಂದೆರಡು ವರ್ಷ ಗಾಡಿ ನಡೆಸಿ ಕೈ ಕುದುರಿದ ಮಗನನ್ನಾಗಲಿ ಮಗಳನ್ನಾಗಲಿ ತಡೆಯುವುದರಿಂದ ಲಾಭವಿಲ್ಲ. ಕೆಲವೊಮ್ಮೆ ಹಾನಿಯೇ ಹೆಚ್ಚು. ಮನೆಯಲ್ಲಿ ಅನುಮತಿ ಸಿಗದವನು 'ಗೆಳೆಯನ ಮನೆಯಲ್ಲಿ ಓದಲಿಕ್ಕೆ ಹೋಗುತ್ತೇನೆ' ಎಂದು ಹೇಳಿ ಹೊರಡುತ್ತಾನೆ. ಹಾಗೆ ಹೊರಟವನಿಗೆ ಸಂಜೆ ದೀಪ ಹಚ್ಚುವುದರೊಳಗೆ ಮನೆಯಲ್ಲಿರಲೇಬೇಕೆಂಬ ಅವಸರ. ದಾರಿಯಲ್ಲಿ ಗಾಲಿ ಪಂಕ್ಚರಾದರೂ ಫೋನು ಮಾಡಲಾರ, ಮಳೆ ಬಂದರೆ ನಿಲ್ಲಲಾರ, ಕತ್ತಲಾದರೆ ತಂಗಲಾರ. ಅವನ ವೇಗಕ್ಕೆ ಎಂಜಿನ್ನಿಗಿಂತ ಆ ಸುಳ್ಳೇ ದೊಡ್ಡ ಕಾರಣವಾಗುತ್ತದೆ. ಹೇಳಿ ಹೋದವನು ಮಾತ್ರ ನಿಧಾನವಾಗಿ ಹೋಗಬಲ್ಲನು.

ಆದರೆ ಕಳುಹಿಸುವುದೆಂದರೆ ಹಣೆಗೆ ವಿಭೂತಿ ಹಚ್ಚಿ 'ಹುಷಾರು' ಎಂದು ಹೇಳಿಬಿಡುವುದಷ್ಟೇ ಅಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ನೆಯ ಇಸವಿಯೊಂದರಲ್ಲಿಯೇ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನರು ಅಸುನೀಗಿದರು. ಅವರಲ್ಲಿ 74,897 ಜನರು ದ್ವಿಚಕ್ರ ವಾಹನಗಳ ಮೇಲಿದ್ದವರು. ಹೆಲ್ಮೆಟ್ ಧರಿಸದೆ ಪ್ರಾಣ ಕಳೆದುಕೊಂಡವರು 50,029 ಮಂದಿ. ಅವರೊಳಗೆ 14,337 ಮಂದಿ ಹಿಂದಿನ ಆಸನದಲ್ಲಿ ಕುಳಿತವರು. ಈ ಕೊನೆಯ ಸಂಖ್ಯೆಯನ್ನು ಓದುಗರು ಇನ್ನೊಮ್ಮೆ ನೋಡಬೇಕೆಂದು ನಾವು ಕೋರುತ್ತೇವೆ. ಹ್ಯಾಂಡಲ್ ಹಿಡಿಯದವರು, ವೇಗ ನಿರ್ಧರಿಸದವರು, ನಂಬಿ ಕುಳಿತವರು ಇವರು. ನಮ್ಮ ಮನೆಗಳಲ್ಲಿ ಹಿಂದೆ ಕುಳಿತುಕೊಳ್ಳುವವರು ಯಾರೆಂಬುದನ್ನು ನಾವು ಹೇಳಬೇಕಾಗಿಲ್ಲ. ಗಾಡಿ ನಡೆಸುವ ಗಂಡನ ತಲೆಯ ಮೇಲೆ ಹೆಲ್ಮೆಟ್, ಹಿಂದೆ ಕುಳಿತ ಹೆಂಡತಿಯ ತಲೆಯ ಮೇಲೆ ಸೆರಗು, ಮಡಿಲಲ್ಲಿ ಬರಿದಲೆಯ ಕೂಸು! ಭಾನುವಾರದ ದಿನ ಹಳಿಯಾಳ ರಸ್ತೆಯ ಬದಿಗೆ ಹತ್ತು ನಿಮಿಷ ನಿಂತರೆ ಈ ದೃಶ್ಯ ಎಷ್ಟು ಸಲ ಬೇಕಾದರೂ ಕಾಣಸಿಗುತ್ತದೆ.

ಹೆಲ್ಮೆಟ್ಟಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅದರ ಹೊರಚಿಪ್ಪಿನ ಒಳಗೆ ಥರ್ಮೋಕೋಲಿನಂಥ ಒಂದು ದಪ್ಪ ಪದರವಿರುತ್ತದೆ. ತಲೆ ನೆಲಕ್ಕೆ ಬಡಿದಾಗ ಆ ಪದರವು ತಾನು ನಜ್ಜುಗುಜ್ಜಾಗಿ ಪೆಟ್ಟಿನ ಬಲವನ್ನು ನುಂಗಿಕೊಳ್ಳುತ್ತದೆ. ಅದು ಒಮ್ಮೆ ಮಾತ್ರ ಮಾಡಬಲ್ಲ ಕೆಲಸ. ಆದ್ದರಿಂದ ಒಂದು ಸಲ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಹೊಸದರಂತೆ ಕಂಡರೂ ಒಳಗೆ ಮುಗಿದು ಹೋಗಿರುತ್ತದೆ. ರಸ್ತೆಯ ಬದಿಯಲ್ಲಿ ರಾಶಿ ಹಾಕಿ ಮಾರುವ ಅರ್ಧ ಟೊಪ್ಪಿಗೆಗಳಲ್ಲಿ ಈ ಪದರವು ಇರುವುದೇ ಇಲ್ಲ, ಇದ್ದರೂ ಹೆಸರಿಗೆ ಮಾತ್ರ. ಐ.ಎಸ್. 4151 ಎಂಬ ಸಂಖ್ಯೆಯುಳ್ಳ ಐ.ಎಸ್.ಐ. ಮುದ್ರೆಯನ್ನು ನೋಡಿಯೇ ಕೊಳ್ಳಬೇಕು. 2021ರ ಜೂನ್ ತಿಂಗಳಿನಿಂದ ಆ ಮುದ್ರೆಯಿಲ್ಲದ ಹೆಲ್ಮೆಟ್ ಮಾರುವುದೇ ಅಪರಾಧ. ಗದ್ದದ ಕೆಳಗಿನ ಪಟ್ಟಿಯನ್ನು ಬಿಗಿಯದಿದ್ದರೆ ಅದು ಬೀಳುವವನಿಗಿಂತ ಮೊದಲೇ ಹಾರಿಹೋಗುತ್ತದೆ. ಕರ್ನಾಟಕದಲ್ಲಿ ಹಿಂದಿನ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದ್ದು 2016ರ ಜನವರಿಯಲ್ಲಿ. ನಗರಗಳಲ್ಲಿ ಪೊಲೀಸರ ಭಯಕ್ಕಾದರೂ ಅದು ರೂಢಿಗೆ ಬಂದಿದೆ, ಹಳ್ಳಿಯ ದಾರಿಗಳಲ್ಲಿ ಇನ್ನೂ ಬಂದಿಲ್ಲ.

ತಾಯಂದಿರು ಹೆಲ್ಮೆಟ್ ಬೇಡವೆನ್ನಲು ತುರುಬು ಒಂದು ಕಾರಣ. ತುರುಬಿನ ಮೇಲೆ ಹೆಲ್ಮೆಟ್ ಕೂಡದೆಂಬುದು ನಿಜ. ಪ್ರಯಾಣದ ದಿನ ಜಡೆ ಹೆಣೆದು ಕೆಳಗಿಳಿಬಿಟ್ಟರೆ ಆಯಿತು; ಮಲ್ಲಿಗೆ ಮಾಲೆಯನ್ನು ಡಬ್ಬಿಯಲ್ಲಿಟ್ಟುಕೊಂಡು ಉಳವಿಯಲ್ಲಿ ಮುಡಿದುಕೊಂಡರೆ ಬಾಡಿಯೂ ಇರುವುದಿಲ್ಲ. ಇನ್ನು ನಮ್ಮ ಹಿರಿಯರ ರುಮಾಲು. ತಲೆಗೆ ಇಷ್ಟು ಬಟ್ಟೆ ಸುತ್ತಿದ ಮೇಲೆ ಹೆಲ್ಮೆಟ್ ಏಕೆಂದು ವಾದಿಸುವವರಿದ್ದಾರೆ. ಮೋಟಾರು ವಾಹನ ಕಾಯಿದೆಯ 129ನೆಯ ಕಲಮಿನಲ್ಲಿ ವಿನಾಯಿತಿ ಇರುವುದು ಪೇಟ ಧರಿಸಿದ ಸಿಖ್ಖರಿಗೆ ಮಾತ್ರ. ರುಮಾಲನ್ನು ಗೌರವದಿಂದ ಮಡಿಸಿ ಚೀಲದಲ್ಲಿಟ್ಟು, ಗುಡಿಯ ಮುಂದೆ ಇಳಿದ ಮೇಲೆ ಸುತ್ತಿಕೊಳ್ಳುವುದರಿಂದ ಯಾರ ಹಿರಿತನಕ್ಕೂ ಕುಂದು ಬಾರದು.

ಸೀರೆಯ ಸೆರಗು, ದುಪಟ್ಟಾ, ಧೋತರದ ಚುಂಗು ಇವು ಹಿಂದಿನ ಗಾಲಿಗೆ ಸಿಕ್ಕರೆ ಕುಳಿತವರನ್ನು ಕ್ಷಣಾರ್ಧದಲ್ಲಿ ಕೆಳಗೆಳೆದುಬಿಡುತ್ತವೆ. ಹಿಂದೆ ಕೈಹಿಡಿ, ಕಾಲಿಡಲು ಪಾದಗಳು, ಗಾಲಿಯ ಅರ್ಧ ಭಾಗವನ್ನಾದರೂ ಮುಚ್ಚುವ ಜಾಲರಿ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹೇಳುತ್ತದೆ. ನಮ್ಮ ತರುಣರು ಹೊಸ ಗಾಡಿ ತಂದ ವಾರದಲ್ಲಿಯೇ ಅಂದ ಕೆಡುತ್ತದೆಂದು ಆ ಜಾಲರಿಯನ್ನು ಬಿಚ್ಚಿಸಿ ಅಟ್ಟದ ಮೇಲೆ ಎಸೆಯುತ್ತಾರೆ. ಅವ್ವನನ್ನು ಹಿಂದೆ ಕೂಡಿಸಿಕೊಂಡು ಹೋಗುವ ಮುನ್ನ ಅಟ್ಟ ಹತ್ತಿ ಅದನ್ನು ಇಳಿಸಬೇಕು.

ಚಿಕ್ಕ ಮಕ್ಕಳ ವಿಷಯದಲ್ಲಿ ನಾವು ಹೆಚ್ಚು ಕಠಿಣವಾಗಿ ಹೇಳುತ್ತೇವೆ. ನಾಲ್ಕು ವರ್ಷದೊಳಗಿನ ಮಗುವನ್ನು ಗಾಡಿಯ ಮೇಲೆ ಕರೆದೊಯ್ಯುವಾಗ ಮಗುವನ್ನು ಸವಾರನಿಗೆ ಸೇರಿಸಿ ಕಟ್ಟುವ ಸುರಕ್ಷಾ ಪಟ್ಟಿ, ಮಗುವಿನ ಅಳತೆಯ ಹೆಲ್ಮೆಟ್ ಮತ್ತು ಗಂಟೆಗೆ 40 ಕಿಲೋಮೀಟರು ಮೀರದ ವೇಗ ಕಡ್ಡಾಯವೆಂಬ ನಿಯಮವು 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಊರೊಳಗಿನ ಓಡಾಟದ ಮಾತು ಬೇರೆ. ನೂರು ಕಿಲೋಮೀಟರಿನ ಕಾಡುದಾರಿಗೆ ಅಂಥ ಕೂಸನ್ನು ಗಾಡಿಯ ಮೇಲೆ ಒಯ್ಯಲೇಬಾರದು. ಅವರಿಗಾಗಿ ಬಸ್ಸಿದೆ. ಹದಿನೆಂಟು ತುಂಬದ ಮಗನ ಕೈಗೆ ಬೀಗದಕೈ ಕೊಡುವ ತಂದೆಗೆ 2019ರ ತಿದ್ದುಪಡಿಯ ಪ್ರಕಾರ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದೆಂಬುದನ್ನೂ ಇಲ್ಲಿಯೇ ತಿಳಿಸುತ್ತೇವೆ.

ಹೊರಡುವ ಮುನ್ನಾದಿನ ಸಂಜೆ ಅಂಗಳದಲ್ಲಿ ಅರ್ಧ ಗಂಟೆ ಗಾಡಿಗಾಗಿ ಮೀಸಲಿಡಬೇಕು. ಗಾಲಿಗಳ ಗಾಳಿಯನ್ನು ಅವು ತಣ್ಣಗಿರುವಾಗ, ಇಬ್ಬರು ಕೂಡುವವರಿದ್ದರೆ ಇಬ್ಬರಿಗೆಂದು ಕೈಪಿಡಿಯಲ್ಲಿ ಹೇಳಿದ ಲೆಕ್ಕಕ್ಕೆ ತುಂಬಿಸಬೇಕು. ಟೈರಿನ ಗೆರೆಗಳು ಸವೆದಿದ್ದರೆ ಪ್ರಯಾಣವನ್ನೇ ಮುಂದೂಡಬೇಕು. ಒದ್ದೆ ರಸ್ತೆಯಲ್ಲಿ ನೀರನ್ನು ಬದಿಗೆ ಸರಿಸಿ ನೆಲ ಹಿಡಿಯುವುದು ಆ ಗೆರೆಗಳೇ. ಚೈನು ಸಡಿಲಾಗಿ ಜೋತಾಡುತ್ತಿದೆಯೋ, ಬ್ರೇಕಿನ ಲೈಟು ಹತ್ತುತ್ತದೆಯೋ ನೋಡಿಕೊಳ್ಳಬೇಕು. ಇವನ್ನೆಲ್ಲ ಬಲ್ಲ ತರುಣರೂ ಮರೆಯುವ ಒಂದು ಸಂಗತಿಯಿದೆ. ಆಯುಧಪೂಜೆಯ ದಿನ ಹೆಡ್‌ಲೈಟಿನ ಗಾಜಿನ ಮೇಲೆ ಹಚ್ಚಿದ ವಿಭೂತಿ ಕುಂಕುಮಗಳು ಅಲ್ಲಿಯೇ ಒಣಗಿ ಬೆಳಕನ್ನು ಮಂಕು ಮಾಡಿರುತ್ತವೆ. ಹ್ಯಾಂಡಲಿಗೆ ಕಟ್ಟಿದ ಹೂಮಾಲೆಯ ದಾರ ಬ್ರೇಕಿನ ಸನ್ನೆಗೋ ಕೇಬಲ್ಲಿಗೋ ಸುತ್ತಿಕೊಂಡಿರುತ್ತದೆ. ಪೂಜೆಗೆ ಗಾಜಿನ ಕೆಳಗಿನ ಜಾಗ ಸಾಕು. ಕಾಯಿ-ಕರ್ಪೂರದ ಕೈಚೀಲವನ್ನು ಹ್ಯಾಂಡಲಿಗೆ ತೂಗುಹಾಕುವುದೂ ಸಲ್ಲದು. ತಿರುವಿನಲ್ಲಿ ಅದು ತೂಗಾಡಿ ಗಾಡಿಯನ್ನು ತನ್ನ ಕಡೆಗೆ ಜಗ್ಗುತ್ತದೆ. ಸಾಮಾನನ್ನು ಹಿಂದೆ, ಆದಷ್ಟು ಕೆಳಗೆ, ಎರಡೂ ಬದಿಗೆ ಸಮನಾಗಿ ಬಿಗಿಯಬೇಕು.

ಬೆಳಗ್ಗೆ ಆರೂವರೆಗೆ ಧಾರವಾಡ ಬಿಟ್ಟರೆ ದಾರಿ ತಂಪಾಗಿರುತ್ತದೆ. ದಾಂಡೇಲಿಗೆ ಸುಮಾರು 55 ಕಿಲೋಮೀಟರು. ಅಲ್ಲಿಂದ ಮುಂದೆ ಗಣೇಶಗುಡಿ, ಜೋಯಿಡಾ, ಕುಂಬಾರವಾಡಗಳನ್ನು ಹಾಯ್ದು ಉಳವಿ. ಒಟ್ಟಿನಲ್ಲಿ 100 ಕಿಲೋಮೀಟರಿಗೂ ಮಿಕ್ಕಿದ ಹಾದಿ. ನಡುನಡುವೆ ಇಳಿದು ನಿಂತು ನೋಡುತ್ತ ಸಾಗಿದರೂ ಮಧ್ಯಾಹ್ನದ ದಾಸೋಹದ ಹೊತ್ತಿಗೆ ತಲುಪಬಹುದು. ಇಲ್ಲಿ ಸ್ವಲ್ಪ ಲೆಕ್ಕ ಮಾಡಿ ನೋಡೋಣ. 100 ಕಿಲೋಮೀಟರನ್ನು ಗಂಟೆಗೆ 60ರ ವೇಗದಲ್ಲಿ ಹೋದವನಿಗೆ ನೂರು ನಿಮಿಷ ಹಿಡಿಯುತ್ತದೆ. 45ರ ವೇಗದಲ್ಲಿ ಹೋದವನಿಗೆ ಸುಮಾರು ನೂರಾ ಮೂವತ್ತಮೂರು ನಿಮಿಷ. ಉಳಿಯುವುದು ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ಉಳಿಸಿಕೊಂಡು ಉಳವಿಯಲ್ಲಿ ಮಾಡುವುದಾದರೂ ಏನು? ಕಾಡು ನೋಡಲೆಂದೇ ಹೊರಟವರು ಕಾಡನ್ನು ಬೇಗ ಬೇಗ ದಾಟುವುದು ನಮಗೆ ಎಂದಿಗೂ ಅರ್ಥವಾಗದ ಸಂಗತಿ.

ಇನ್ನೊಂದು ಲೆಕ್ಕವೂ ಇದೆ. ಎದುರಿಗೆ ಅಡ್ಡಿಯೊಂದು ಕಂಡು, ಮನಸ್ಸಿಗೆ ಹೊಳೆದು, ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಚುರುಕಾದ ಮನುಷ್ಯನಿಗೂ ಸುಮಾರು ಒಂದು ಸೆಕೆಂಡು ಬೇಕು. 60ರ ವೇಗದಲ್ಲಿ ಆ ಒಂದು ಸೆಕೆಂಡಿನಲ್ಲಿ ಗಾಡಿ 16 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಬ್ರೇಕ್ ಹಿಡಿದ ಮೇಲೆ ಸಾಗುವ ದೂರವಂತೂ ವೇಗದ ವರ್ಗದಂತೆ ಬೆಳೆಯುತ್ತದೆ. 40ಕ್ಕೆ ಬದಲು 60ರಲ್ಲಿ ಹೋದರೆ ವೇಗ ಒಂದೂವರೆ ಪಟ್ಟು ಹೆಚ್ಚುತ್ತದೆ, ನಿಲ್ಲಲು ಬೇಕಾದ ದೂರ ಮಾತ್ರ ಎರಡೂ ಕಾಲು ಪಟ್ಟಾಗುತ್ತದೆ. ಶಾಲೆಯಲ್ಲಿ ಈ ಗಣಿತವನ್ನು ಮಾಡಿ ಅಂಕ ಪಡೆದ ಮಕ್ಕಳೇ ರಸ್ತೆಯಲ್ಲಿ ಅದನ್ನು ಮರೆಯುತ್ತಾರೆ.

ಹಳಿಯಾಳದವರೆಗಿನ ದಾರಿ ಬಯಲುಸೀಮೆ ಮಲೆನಾಡಿಗೆ ತಿರುಗುವ ದಾರಿ. ಗದ್ದೆ, ಕಬ್ಬು, ಗೋವಿನಜೋಳದ ಹೊಲಗಳು. ಇಲ್ಲಿ ಕಾಡುಪ್ರಾಣಿಗಳ ಭಯವಿಲ್ಲ, ಆದರೆ ರೈತನ ರಾಶಿಯ ಭಯವಿದೆ. ಸುಗ್ಗಿಯ ಕಾಲದಲ್ಲಿ ಡಾಂಬರು ರಸ್ತೆಯ ಅರ್ಧಭಾಗ ಕಣವಾಗಿರುತ್ತದೆ; ಒಣಹಾಕಿದ ಕಾಳಿನ ಮೇಲೆ ಗಾಲಿ ಹೋದರೆ ಗೋಲಿಗಳ ಮೇಲೆ ಹೋದಂತೆ. ಅಲ್ಲಿ ಬ್ರೇಕ್ ಮುಟ್ಟದೆ, ಹ್ಯಾಂಡಲ್ ತಿರುಗಿಸದೆ, ಮೊದಲೇ ವೇಗ ಇಳಿಸಿ ನೇರವಾಗಿ ದಾಟಬೇಕು. ಹಾಗೆ ರಸ್ತೆಯನ್ನು ಕಣ ಮಾಡಿಕೊಳ್ಳುವವರು ಬಹುಮಟ್ಟಿಗೆ ನಮ್ಮ ಬಂಧುಗಳೇ. ರಾಶಿಯ ಸುತ್ತ ಕಲ್ಲಿಟ್ಟು ಸಂಜೆ ಕಾಳನ್ನು ಮಾತ್ರ ಒಯ್ದು ಕಲ್ಲನ್ನು ಅಲ್ಲಿಯೇ ಬಿಟ್ಟುಹೋಗುವ ಪದ್ಧತಿಯನ್ನಾದರೂ ಅವರು ಬಿಡಬೇಕು.

ಜಾತ್ರೆಯ ದಿನಗಳಲ್ಲಿ ಚಕ್ಕಡಿಗಳ ಸಾಲು ಎದುರಾಗುತ್ತದೆ. ಎತ್ತಿಗೆ ಹಾರ್ನ್ ತಿಳಿಯದು. ಹಿಂದಿನಿಂದ ಒಮ್ಮೆಲೇ ಕರ್ಕಶವಾಗಿ ಕೂಗಿದರೆ ಅದು ಬೆದರಿ ರಸ್ತೆಗೆ ಅಡ್ಡ ಬೀಳುತ್ತದೆ. ಗಾಡಿಯ ವೇಗ ಇಳಿಸಿ, ಚಕ್ಕಡಿ ಹೊಡೆಯುವ ಯಜಮಾನರಿಗೆ ದನಿ ಕೊಟ್ಟು, ಅವರು ಹಗ್ಗ ಬಿಗಿ ಹಿಡಿದ ಮೇಲೆ ಅಂತರವಿಟ್ಟು ದಾಟಬೇಕು. ಒಂದು ಮಾತು ಆಡಿದಂತೆಯೂ ಆಗುತ್ತದೆ.

ಹಳಿಯಾಳ ದಾಟಿದ ಮೇಲೆ ಸಾಗವಾನಿ, ಬಿದಿರು ಆರಂಭವಾಗುತ್ತವೆ. ದಾಂಡೇಲಿಯಲ್ಲಿ ಪೆಟ್ರೋಲ್ ತುಂಬಿಸಿಕೊಂಡು, ಒಂದು ಲೋಟ ಚಹಾ ಕುಡಿದು, ಮನೆಗೆ ಫೋನು ಮಾಡಿ 'ಇನ್ನು ಮುಂದೆ ಫೋನು ಹತ್ತಲಿಕ್ಕಿಲ್ಲ, ಉಳವಿ ಮುಟ್ಟಿ ಸಂಜೆಯೊಳಗೆ ತಿಳಿಸುತ್ತೇನೆ' ಎಂದು ಹೇಳುವುದು ಲೇಸು. ಮನೆಯವರಲ್ಲಿಯೂ ನಮ್ಮದೊಂದು ವಿನಂತಿ. ಹೊರಟವನು ಎಲ್ಲಿಗೆ ಬಂದನೆಂದು ಅರ್ಧ ಗಂಟೆಗೊಮ್ಮೆ ಕರೆ ಮಾಡುವುದು ಪ್ರೀತಿಯಿಂದಲೇ ಇರಬಹುದು, ಆದರೆ ಜೇಬಿನಲ್ಲಿ ಗಂಟೆ ಬಾರಿಸುತ್ತಿದ್ದರೆ ಅವನ ಒಂದು ಕೈ ಹ್ಯಾಂಡಲ್ ಬಿಡುತ್ತದೆ. ಅವನು ನಿಂತಾಗ ಅವನೇ ಕರೆಯಲಿ.

ಮುಂದಿನದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನೆರೆಯ ಕಾಡು. ಗಣೇಶಗುಡಿಯ ಬಳಿ ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟು 101 ಮೀಟರು ಎತ್ತರದ್ದು. ಹಳೆಯ ಸೂಪಾ ಊರು ಅದರ ಹಿನ್ನೀರಿನಲ್ಲಿ ಮುಳುಗಿಹೋದದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಈ ಭಾಗದಲ್ಲಿ ದಾರಿ ಏರಿ ಇಳಿದು ಸುತ್ತಿ ಸಾಗುತ್ತದೆ. ಒಂದು ತಿರುವಿನಲ್ಲಿ ಬಿಸಿಲು ಕಣ್ಣಿಗೆ ಹೊಡೆದರೆ ಮುಂದಿನ ತಿರುವಿನಲ್ಲಿ ಕಗ್ಗತ್ತಲಿನಂಥ ನೆರಳು. ಕಣ್ಣು ನೆರಳಿಗೆ ಒಗ್ಗಿಕೊಳ್ಳಲು ಕೆಲವು ಕ್ಷಣಗಳು ಬೇಕು, ಅಷ್ಟರಲ್ಲಿ ರಸ್ತೆಯ ಗುಂಡಿ ಕಾಣುವುದೇ ಇಲ್ಲ. ಕಪ್ಪು ಕನ್ನಡಕ ಧರಿಸಿದವರಿಗಂತೂ ಇನ್ನೂ ಕಷ್ಟ. ನೆರಳಿನೊಳಗೆ ಹೋಗುವ ಮುನ್ನವೇ ವೇಗ ತಗ್ಗಿಸಬೇಕು. ತೊರೆಗಳು ರಸ್ತೆಯ ಸಮೀಪಕ್ಕೆ ಬರುವ ಕಡೆ, ಬಿಸಿಲು ಬೀಳದ ಅಂಚಿನಲ್ಲಿ, ಪಾಚಿ ಮತ್ತು ಕೊಳೆತ ಎಲೆ ಸೇರಿ ಬೆಣ್ಣೆಯಂತಾಗಿರುತ್ತವೆ.

ತಿರುವುಗಳಲ್ಲಿ ನಮ್ಮ ತರುಣರು ಮಾಡುವ ತಪ್ಪು ಬಹಳ ಸಾಮಾನ್ಯವಾದದ್ದು. ಅವರು ತಿರುವಿನೊಳಗೆ ಹೋದ ಮೇಲೆ ವೇಗ ಹೆಚ್ಚಾಯಿತೆಂದು ಗಾಬರಿಯಾಗಿ ಬ್ರೇಕ್ ಹಿಡಿಯುತ್ತಾರೆ. ವಾಲಿದ ಗಾಡಿಗೆ ಬ್ರೇಕ್ ಹಿಡಿದರೆ ಗಾಲಿ ಹಿಡಿತ ತಪ್ಪುತ್ತದೆ. ಗಾಡಿ ನೆಟ್ಟಗಿರುವಾಗಲೇ, ತಿರುವಿಗೆ ಮುಂಚೆಯೇ ವೇಗ ಇಳಿಸಿ ಗೇರ್ ಬದಲಿಸಿಕೊಂಡು, ತಿರುವನ್ನು ಒಂದೇ ಹದದಲ್ಲಿ ದಾಟಬೇಕು. ಕಣ್ಣು ಎತ್ತ ನೋಡುವುದೋ ಗಾಡಿ ಅತ್ತ ಹೊರಳುತ್ತದೆ. ಕಂದಕವನ್ನು ನೋಡುತ್ತ ಅಂಜಿದವನು ಕಂದಕದ ಕಡೆಗೇ ಸರಿಯುತ್ತಾನೆ. ತಿರುವು ಮುಗಿಯುವ ಜಾಗವನ್ನು ನೋಡಬೇಕು. ಎದುರು ಕಾಣದ ತಿರುವಿನಲ್ಲಿ ನಡುಗೆರೆಗೆ ತಾಗಿ ಹೋಗಬಾರದು. ಬಲಕ್ಕೆ ಹೊರಳುವಾಗ ಗಾಡಿ ಗೆರೆಯ ಈಚೆಗಿದ್ದರೂ ವಾಲಿದ ಸವಾರನ ತಲೆ ಆಚೆಗಿರುತ್ತದೆ, ಎದುರಿನಿಂದ ಬರುವ ಬಸ್ಸಿಗೆ ಅದು ತಿಳಿಯುವುದಿಲ್ಲ.

ಮುಂದಿನ ಬ್ರೇಕ್ ಹಿಡಿದರೆ ಗಾಡಿ ಮಗುಚುತ್ತದೆಂಬ ಅಂಜಿಕೆ ನಮ್ಮ ಕಡೆ ಮನೆಮನೆಯಲ್ಲಿದೆ. ಮಕ್ಕಳಿಗೆ ಗಾಡಿ ಕಲಿಸುವಾಗ ತಂದೆಯರೇ ಇದನ್ನು ಹೇಳಿಕೊಟ್ಟಿರುತ್ತಾರೆ. ಸಂಗತಿ ಬೇರೆಯೇ ಇದೆ. ವೇಗ ತಗ್ಗುವಾಗ ಗಾಡಿಯ ಮತ್ತು ಕುಳಿತವರ ಭಾರ ಮುಂದಕ್ಕೆ ಸರಿಯುತ್ತದೆ. ಆಗ ಮುಂದಿನ ಗಾಲಿ ನೆಲವನ್ನು ಗಟ್ಟಿಯಾಗಿ ಒತ್ತುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಗಾಲಿಯೊಂದನ್ನೇ ಬಿಗಿಹಿಡಿದರೆ ಅದು ಜಾರುವುದಲ್ಲದೆ ಗಾಡಿ ಬೇಗ ನಿಲ್ಲುವುದಿಲ್ಲ. ಎರಡೂ ಬ್ರೇಕುಗಳನ್ನು ಕೂಡಿಸಿ, ಮುಂದಿನದನ್ನು ಒಮ್ಮೆಲೇ ಕಚ್ಚದೆ ಒದ್ದೆ ಬಟ್ಟೆ ಹಿಂಡುವಂತೆ ಮೆಲ್ಲನೆ ಬಿಗಿಯುತ್ತ ಹೋಗಬೇಕು. 2019ರ ಏಪ್ರಿಲ್‌ನಿಂದ 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ಗಾಡಿಗಳಿಗೆಲ್ಲ ಗಾಲಿ ಬಿಗಿದು ಜಾರದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆ ಕಡ್ಡಾಯವಾಗಿದೆ. ಹಳೆಯ ಗಾಡಿಗಳಿಗೆ ಅದಿಲ್ಲ. ಊರ ಹೊರಗಿನ ಖಾಲಿ ಮೈದಾನದಲ್ಲಿ, ನಿಧಾನ ವೇಗದಲ್ಲಿ, ಹತ್ತು ಸಲ ಅಭ್ಯಾಸ ಮಾಡಿ ನೋಡಿದರೆ ಕೈಗೆ ಹದ ಸಿಗುತ್ತದೆ. ಕಾಡಿನ ತಿರುವು ಆ ಪಾಠ ಕಲಿಯುವ ಜಾಗವಲ್ಲ.

ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲೆಂದು ಎಂಜಿನ್ ನಿಲ್ಲಿಸಿ ನ್ಯೂಟ್ರಲ್ಲಿನಲ್ಲಿ ಬಿಡುವವರಿದ್ದಾರೆ. ಎಂಜಿನ್ ತಾನೇ ಒಂದು ಬ್ರೇಕು. ಏರಿದ ಗೇರಿನಲ್ಲಿಯೇ ಇಳಿದರೆ ಅದು ಗಾಡಿಯನ್ನು ಹಿಡಿದಿಡುತ್ತದೆ. ಅದನ್ನು ಬಿಟ್ಟುಕೊಟ್ಟು ಇಡೀ ಭಾರವನ್ನು ಬ್ರೇಕುಗಳ ಮೇಲೆ ಹೊರಿಸಿದರೆ ಅವು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಉಳಿಯುವ ಪೆಟ್ರೋಲ್ ಹತ್ತು ರೂಪಾಯಿಯದೂ ಅಲ್ಲ. ಕಡಿದಾದ ಜಾಗದಲ್ಲಿ ಏರಿ ಬರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದೂ ನಿಯಮ.

ಕಾಡುಕೋಣ ರಸ್ತೆ ದಾಟುತ್ತಿದ್ದರೆ ದೂರದಲ್ಲಿಯೇ ನಿಲ್ಲಿಸಬೇಕು. ಹಾರ್ನ್ ಬೇಡ, ಎಂಜಿನ್ ಗರ್ಜಿಸುವುದು ಬೇಡ, ಇಳಿದು ಫೋಟೋ ತೆಗೆಯುವುದಂತೂ ಬೇಡವೇ ಬೇಡ. ಒಂದು ದಾಟಿತೆಂದು ಹೊರಡಲೂಬಾರದು, ಏಕೆಂದರೆ ಅವು ಹಿಂಡಾಗಿ ತಿರುಗುವ ಪ್ರಾಣಿಗಳು; ಕರು ಹಿಂದೆ ಉಳಿದಿದ್ದರೆ ತಾಯಿ ತಿರುಗಿ ನಿಲ್ಲುತ್ತದೆ. ಜಿಂಕೆಗಳ ವಿಷಯವೂ ಹಾಗೆಯೇ. ಮಂಗಗಳಿಗೆ ಬಾಳೆಹಣ್ಣು ಕೊಡುವುದು ಪುಣ್ಯವೆಂದು ತಿಳಿದವರು ಅವನ್ನು ರಸ್ತೆಯ ನಡುವೆ ಕೂಡಲು ಕಲಿಸಿದ್ದಾರೆ. ಸೈಲೆನ್ಸರ್ ಬದಲಿಸಿ ಸಿಡಿಲಿನಂತೆ ಸದ್ದು ಮಾಡಿಕೊಂಡು ಹೋಗುವವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅವರಿಗೆ ಕಾಡಿನಲ್ಲಿ ಒಂದು ಹಕ್ಕಿಯೂ ಕೇಳಿಸಿರಲಾರದು. ಎಂಜಿನ್ ಆರಿಸಿ ಒಂದು ಸೇತುವೆಯ ಪಕ್ಕದಲ್ಲಿ, ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ಗಾಡಿ ನಿಲ್ಲಿಸಿ ಹತ್ತು ನಿಮಿಷ ಕುಳಿತವರಿಗೆ ಮಾತ್ರ ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು ಕೇಳುತ್ತದೆ. ಅದು ತಲೆಯ ಮೇಲಿನಿಂದ ಹಾರುವಾಗ ಉಸಿರು ಬಿಟ್ಟಂತೆ ಸುಯ್ಯೆನ್ನುತ್ತದೆ. ಗಾಡಿ ನಡೆಸುವವನು ಕಾಡನ್ನು ನೋಡಲಾಗದು, ನೋಡಲೂಬಾರದು; ಅವನ ಕಣ್ಣು ರಸ್ತೆಗೆ ಮೀಸಲು. ನೋಡುವ ಆಸೆಯಿದ್ದರೆ ನಿಲ್ಲಬೇಕು. ಹೆಚ್ಚು ಸಲ ನಿಂತವನೇ ಹೆಚ್ಚು ಕಂಡವನು, ಅವನ ಕೈಕಾಲುಗಳಿಗೂ ವಿಶ್ರಾಂತಿ ಸಿಕ್ಕಿರುತ್ತದೆ.

ಗುಂಪಿನಲ್ಲಿ ಹೋಗುವವರು ಎಲ್ಲರಿಗಿಂತ ನಿಧಾನವಾಗಿ ನಡೆಸುವವನ ವೇಗಕ್ಕೆ ಹೊಂದಿಕೊಳ್ಳಬೇಕು. ಅನುಭವಿಯೊಬ್ಬನು ಎಲ್ಲರ ಹಿಂದಿರಬೇಕು. ಹಿಂದೆ ಬಿದ್ದವನು ಗುಂಪನ್ನು ಸೇರಲು ಓಡಿಸುವಾಗಲೇ ಅನಾಹುತಗಳಾಗುತ್ತವೆ. ಮುಂದಿನ ಊರಿನಲ್ಲಿ ಕಾಯುತ್ತೇವೆಂದು ಮೊದಲೇ ಮಾತಾಗಿದ್ದರೆ ಆ ಅವಸರವಿರದು.

ಎಷ್ಟು ಎಚ್ಚರವಿದ್ದರೂ ದಾರಿಯಲ್ಲಿ ಬಿದ್ದವರೊಬ್ಬರು ಕಾಣಬಹುದು. ಪೊಲೀಸು, ಕೋರ್ಟು, ಸಾಕ್ಷಿ ಎಂದು ಅಂಜಿ ಮುಂದೆ ಹೋಗುವ ಕಾಲ ಮುಗಿದಿದೆ. ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ, ಆ ಬಳಿಕ 2019ರ ತಿದ್ದುಪಡಿಯು 134-ಎ ಕಲಮಿನ ಮೂಲಕ, ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಟ್ಟಿವೆ. ಹೆಸರು ಹೇಳಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ. ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರವು 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. 108ಕ್ಕೋ 112ಕ್ಕೋ ಕರೆ ಮಾಡಬೇಕು. ಕಾಡಿನಲ್ಲಿ ಫೋನು ಹತ್ತದಿದ್ದರೆ ಒಬ್ಬನು ಗಾಯಾಳುವಿನ ಬಳಿ ನಿಂತು, ಇನ್ನೊಬ್ಬನು ಮುಂದಿನ ಊರಿಗೆ ಹೋಗಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕುವುದು ನಮ್ಮ ಜನರ ಕರುಣೆಯ ರೂಢಿ. ಆ ನೀರು ಶ್ವಾಸನಾಳಕ್ಕೆ ಇಳಿದು ಪ್ರಾಣಕ್ಕೇ ಕುತ್ತಾಗುತ್ತದೆ, ಹಾಕಲೇಬಾರದು. ಉಸಿರಾಟಕ್ಕೆ ಅಡ್ಡಿಯಿಲ್ಲದಿದ್ದರೆ ಹೆಲ್ಮೆಟ್ಟನ್ನು ಎಳೆದು ತೆಗೆಯಬಾರದು, ಕುತ್ತಿಗೆಯ ಎಲುಬಿಗೆ ಪೆಟ್ಟಾಗಿರಬಹುದು. ರಕ್ತ ಸುರಿಯುವಲ್ಲಿ ಶುಚಿಯಾದ ಬಟ್ಟೆಯನ್ನು ಮಡಿಸಿ ಬಿಗಿಯಾಗಿ ಒತ್ತಿ ಹಿಡಿದರೆ ಸಾಕು.

ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಹಾದಿಯಲ್ಲಿ ಸುರಿಯುವ ಮಳೆ ಬಯಲುಸೀಮೆಯವರು ಊಹಿಸುವ ಮಳೆಯಲ್ಲ. ಆ ತಿಂಗಳುಗಳಲ್ಲಿ ಹೊಸಬರು ಬಸ್ಸಿನಲ್ಲಿಯೇ ಹೋಗಲಿ. ನವೆಂಬರಿನಿಂದ ಫೆಬ್ರವರಿಯವರೆಗೆ ದಾರಿ ಒಣಗಿರುತ್ತದೆ, ಕಾಡು ಹಸುರಾಗಿರುತ್ತದೆ, ತೊರೆಗಳಲ್ಲಿ ನೀರೂ ಉಳಿದಿರುತ್ತದೆ.

ದರ್ಶನ, ದಾಸೋಹ, ಅಕ್ಕನಾಗಮ್ಮನ ಗವಿ ಇವೆಲ್ಲ ಮುಗಿಯುವಾಗ ಮಧ್ಯಾಹ್ನ ಮೂರು ದಾಟಿರುತ್ತದೆ. ಹೊಟ್ಟೆ ತುಂಬ ಊಟವಾದ ಮೇಲೆ ಕಣ್ಣು ಎಳೆಯುತ್ತದೆ. ಮರಳುವ ದಾರಿ ಹೋದ ದಾರಿಗಿಂತ ಹೆಚ್ಚು ಅಪಾಯದ್ದು, ಅದಕ್ಕೆ ಕಾರಣ ಕಾಡಲ್ಲ, ಸಂಜೆ. ಹಳಿಯಾಳದ ಸುತ್ತ ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡು ಕಾರ್ಖಾನೆಗೆ ಸಾಗುತ್ತವೆ. ಎಷ್ಟೋ ಟ್ರೇಲರುಗಳಿಗೆ ಹಿಂದೆ ಕೆಂಪು ದೀಪವಿಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಕೆಟ್ಟು ನಿಂತರೆ ಒಂದು ಕಲ್ಲಿಟ್ಟು ಹಾಗೆಯೇ ಬಿಟ್ಟಿರುತ್ತಾರೆ. ಎದುರಿನ ಲಾರಿಯ ಬೆಳಕಿಗೆ ಕಣ್ಣು ಕುಕ್ಕಿದ ಸವಾರನಿಗೆ ರಸ್ತೆಯ ಬಣ್ಣವೂ ಕಬ್ಬಿನ ಹೊರೆಯ ಬಣ್ಣವೂ ಒಂದೇ. ನಮ್ಮ ಸೀಮೆಯ ಎಷ್ಟು ಮನೆಗಳ ದೀಪ ಹೀಗೆ ಆರಿದೆಯೆಂಬುದನ್ನು ಓದುಗರು ಬಲ್ಲರು. ಕಬ್ಬು ಬೆಳೆಯುವ ನಮ್ಮ ಬಂಧುಗಳು ತಮ್ಮ ಟ್ರೇಲರಿನ ಹಿಂದೆ ಹೊಳೆಯುವ ಪಟ್ಟಿಯನ್ನು ಇದೇ ವಾರ ಅಂಟಿಸಲಿ. ಅದಕ್ಕೆ ತಗಲುವ ಖರ್ಚು ಒಂದು ಹೊತ್ತಿನ ಚಹಾ-ಚುರುಮುರಿಗಿಂತ ಬಹಳ ಹೆಚ್ಚೇನಲ್ಲ.

ಆದ್ದರಿಂದ ಎರಡು ಗಂಟೆಯೊಳಗೆ ಉಳವಿಯಿಂದ ಹೊರಡಲಾಗದಿದ್ದರೆ ಆ ದಿನ ಮರಳುವ ವಿಚಾರವನ್ನೇ ಬಿಡುವುದು ಒಳಿತು. ಕ್ಷೇತ್ರದಲ್ಲಿ ತಂಗುವ ವ್ಯವಸ್ಥೆ ಇದೆ. 'ಇಂದು ಇಲ್ಲಿಯೇ ಇರುತ್ತೇವೆ, ನಾಳೆ ಬೆಳಗ್ಗೆ ಬರುತ್ತೇವೆ' ಎಂದು ಮಗ ಫೋನು ಮಾಡಿದರೆ, 'ನಾಳೆ ಕೆಲಸಕ್ಕೆ ಹೋಗಬೇಕಲ್ಲ, ಎಷ್ಟು ಹೊತ್ತಾದರೂ ಬಂದುಬಿಡು' ಎನ್ನುವ ತಂದೆಯರಿದ್ದಾರೆ. ದಯವಿಟ್ಟು ಹಾಗೆ ಹೇಳದಿರಿ. ಆಗಲಿ, ಇರು ಎಂದು ಹೇಳಿರಿ. ಜಾತ್ರೆಯ ದಿನಗಳಲ್ಲಿ ಕೊಠಡಿ ದೊರೆಯುವುದು ಕಷ್ಟವಾದ್ದರಿಂದ ಹೊರಡುವಾಗಲೇ ಅವನ ಚೀಲದಲ್ಲಿ ದಪ್ಪನೆಯ ಹೊದಿಕೆಯೊಂದನ್ನು ಕಟ್ಟಿಕೊಡಿರಿ. ಮಾಘದ ಚಳಿ ಆ ಕಾಡಿನಲ್ಲಿ ಜೋರು.